ಕಂಟ್ರೋಲ್ ಟ್ಯೂಬಿನ ಹೃದಯ

"ಗ್ಲೌಸ್ ಬದಲಾಯಿಸಿ."

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಅವಳು ದ್ರವ ಅಳೆದು ಹನಿಸುವ ಪಿಪೆಟ್ಟನ್ನು ಕೆಳಗಿಟ್ಟಳು. ತಿರುಗಿ ನೋಡಿದಳು. ಎತ್ತರದ ಆಳು, ಮೊಣಕೈವರೆಗೆ ಏರಿದ ದಪ್ಪ ನೀಲಿ ಕೈಗವಸು, ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಈಗ ತಾನೇ ಹಾಕ್ಕೊಂಡೆ ಸರ್..."

"ಹಾಕ್ಕೊಂಡ ಮೇಲೆ ಕೂದಲು ಸರಿ ಮಾಡ್ಕೊಂಡ್ರಿ. ನೋಡಿದೆ."

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಅವಳ ಮುಖ ಕೆಂಪಗಾಯಿತು. ಸೇರಿದ ಮೊದಲ ದಿನವೇ, ಅದೂ ಎಲ್ಲರೆದುರು... ಇವನಿಗೆ ಮಾಡೋಕೆ ಬೇರೆ ಕೆಲಸ ಇಲ್ಲವಾ? ನನ್ನ ಕೂದಲನ್ನೇ ನೋಡುತ್ತಾ ನಿಂತಿದ್ದನಾ?

ಅವನನ್ನು ಆ ಪ್ರಯೋಗಾಲಯದಲ್ಲಿ ಎಲ್ಲರೂ 'ಮೈನಸ್ ಎಂಬತ್ತು' ಎಂದೇ ಕರೆಯುತ್ತಿದ್ದರು. ರಕ್ತದ ಮಾದರಿಗಳನ್ನಿಡುವ ದೊಡ್ಡ ಫ್ರೀಜರಿನ ತಣುಪು ಅಷ್ಟು ಡಿಗ್ರಿ. ಅದರ ಕೀಲಿ ಇರುತ್ತಿದ್ದದ್ದು ಅವನ ಜೇಬಿನಲ್ಲಿ. ಅವನ ಮಾತಿನ ತಣುಪೂ ಅಷ್ಟೇ ಎಂದು ಹಿಂದಿನಿಂದ ಆಡಿಕೊಳ್ಳುವವರಿಗೂ ಕೊರತೆ ಇರಲಿಲ್ಲ. ಅವಳನ್ನಂತೂ ಎಲ್ಲರೂ 'ಹೊಸಬಳು' ಎಂದರು. ಮುಂದೆ ಇನ್ನೊಬ್ಬರು ಬಂದು ಸೇರುವವರೆಗೂ ಅದೇ ಅವಳ ಹೆಸರು.

ವಿಶ್ವವಿದ್ಯಾಲಯದ ಮೂರನೇ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ನಡೆಯುತ್ತಿದ್ದದ್ದು ಒಂದೇ ಪ್ರಶ್ನೆಯ ಬೆನ್ನು ಹತ್ತುವ ಕೆಲಸ. ಕೆಲವು ಮನೆಗಳಲ್ಲಿ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಯಾಕೆ ಇಳಿದು ಬರುತ್ತವೆ? ಯಾವ ಜೀನಿನ ಎಡವಟ್ಟು ಅದು? ಅವಳ ಪಾಲಿಗೆ ಬಂದದ್ದು ರಕ್ತದಲ್ಲಿನ ಕೊಬ್ಬು ಅಳೆಯುವ ಕೆಲಸ. "ಚಿಕ್ಕವಳಿದ್ದಾಗ ಮಂಡಿ ತರಚಿದ್ರೆ ಊರೆಲ್ಲಾ ಒಂದು ಮಾಡ್ತಿದ್ದೋಳು, ಈಗ ದಿನವಿಡೀ ರಕ್ತದ ಜೊತೆ ಕೂರ್ತೀಯಾ?" ಎಂದು ಅಮ್ಮ ಫೋನಿನಲ್ಲಿ ನಕ್ಕಿದ್ದಳು.

ಆ ಕೆಲಸಕ್ಕೊಂದು ಕಟ್ಟುಪಾಡಿತ್ತು. ಪ್ರತಿ ಸಲವೂ ರೋಗಿಗಳ ಮಾದರಿಗಳ ಜೊತೆ ಒಂದು 'ಕಂಟ್ರೋಲ್' ಟ್ಯೂಬ್ ಇಡಬೇಕು. ಅದು ಆರೋಗ್ಯವಂತರೊಬ್ಬರ ರಕ್ತ. ಅದರ ಅಂಕಿ ಸರಿಯಾಗಿ ಬಂದರೆ ಮಿಕ್ಕ ಅಂಕಿಗಳನ್ನೂ ನಂಬಬಹುದು. ಹಿಂದೆ ಅದನ್ನು ಹೊರಗಿನಿಂದ ತರಿಸುತ್ತಿದ್ದರು. ಅದು ಬರುವುದು ನಿಂತಾಗ ಪ್ರಯೋಗಾಲಯದವರೇ ಒಬ್ಬರು ರಕ್ತ ಕೊಟ್ಟರು. ಅದನ್ನು ಪುಟ್ಟ ಪುಟ್ಟ ಟ್ಯೂಬುಗಳಿಗೆ ಹಂಚಿ ಫ್ರೀಜರಿಗೆ ಸೇರಿಸಿದರು. ಕೊಟ್ಟವರು ಯಾರೆಂಬುದು ಮುಖ್ಯಸ್ಥೆಯಾದ ಮೇಡಂ ಒಬ್ಬರಿಗೇ ಗೊತ್ತು. ಬೇರೆಯವರು ಕೇಳುವ ಹಾಗೂ ಇರಲಿಲ್ಲ.

ಹೊಸ ಟ್ಯೂಬೂ ಹೊಸಬಳೂ ಒಂದೇ ವಾರ ಬಂದರು. ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಕಂಟ್ರೋಲ್ ಅಂಕಿ ವಿಪರೀತ ಜಾಸ್ತಿ ಬಂತು. ಮತ್ತೆ ಮಾಡಿದಳು, ಮತ್ತೆ ಜಾಸ್ತಿ.

"ನಿಮ್ಮ ಕೈ ಕೂತಿಲ್ಲ ಇನ್ನೂ," ಎಂದ ಮೈನಸ್ ಎಂಬತ್ತು, ಅಂಕಿಯ ಕಡೆ ಸರಿಯಾಗಿ ನೋಡದೆಯೇ. "ಮತ್ತೆ ಮಾಡಿ."

"ಮೂರು ಸಲ ಮಾಡಿದೆ ಸರ್. ಯಂತ್ರಾನೂ ಚೆಕ್ ಮಾಡಿದೆ."

"ಹಾಗಾದ್ರೆ ನಾಲ್ಕನೇ ಸಲ ಮಾಡಿ."

ಅವಳು ಶೌಚಾಲಯಕ್ಕೆ ಹೋಗಿ ಅತ್ತು ಬಂದಳು. ಬಂದು ನಾಲ್ಕನೇ ಸಲ ಮಾಡಿದಳು.

*

ಅವನನ್ನು ಅಷ್ಟಕ್ಕೇ ದ್ವೇಷಿಸಿಬಿಟ್ಟಿದ್ದರೆ ಎಷ್ಟು ಸುಲಭವಾಗಿತ್ತು...

ಆದರೆ ಒಂದು ಬೆಳಿಗ್ಗೆ ರಕ್ತ ತೆಗೆಯುವ ಕೋಣೆಯಲ್ಲಿ ಅವನನ್ನು ನೋಡಿದಳು. ಮಗನಿಗೂ ಮೊಮ್ಮಗನಿಗೂ ಹೃದಯದ ತೊಂದರೆ ಇದ್ದ ಒಬ್ಬ ಮುದುಕಿ ಸೂಜಿ ಕಂಡು ಕೈ ಹಿಂದೆಗೆದು ಕೂತಿದ್ದಳು. ಅವನು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ.

"ಅಜ್ಜಿ, ನನಗೂ ಸೂಜಿ ಅಂದ್ರೆ ಜೀವ ಹೋಗುತ್ತೆ. ಅದಕ್ಕೇ ಚುಚ್ಚೋ ಕೆಲಸ ಹಿಡಿದೆ. ಚುಚ್ಚಿಸ್ಕೊಳ್ಳೋ ಕಡೆ ಇರೋದಕ್ಕಿಂತ ಇದು ವಾಸಿ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಕೈಯೂ ಮುಂದೆ ಬಂತು.

"ಒಂದು ಮಾತು ಕೇಳ್ತೀನಿ, ಎಲ್ಲರನ್ನೂ ಕೇಳೋದೇ," ಎಂದ. "ನಿಮ್ಮ ರಕ್ತದಲ್ಲಿ ಏನಾದ್ರೂ ತೊಂದರೆ ಕಂಡ್ರೆ ನಿಮಗೆ ಹೇಳೋಣ್ವಾ, ಬೇಡ್ವಾ? ಬೇಡ ಅಂದ್ರೆ ಹೇಳಲ್ಲ. ಅದು ನಿಮ್ಮಿಷ್ಟ."

"ಹೇಳಪ್ಪಾ. ಗೊತ್ತಿಲ್ಲದೆ ಹೋಗೋಕಿಂತ ಗೊತ್ತಾಗಿ ಹೋಗೋದು ಮೇಲು."

ಅವನು ತಲೆ ತಗ್ಗಿಸಿ ಟ್ಯೂಬಿನ ಮೇಲೆ ಸಂಖ್ಯೆ ಬರೆದ. ಬಾಗಿಲಲ್ಲಿ ನಿಂತ ಹೊಸಬಳಿಗೆ ಅವನ ಮುಖದ ಮೇಲೆ ಒಂದು ಕ್ಷಣ ಹಾದುಹೋದ ನೋವು ಕಂಡಿತು. ಅದು ಏನೆಂದು ಅರ್ಥವಾಗಲಿಲ್ಲ. ಆದರೆ ಅವತ್ತಿನಿಂದ ಅವಳ ಕಣ್ಣು ಅವನ ಹಿಂದೆಯೇ ಓಡಾಡತೊಡಗಿತು.

ಅವನು ಲಿಫ್ಟ್ ಹತ್ತುತ್ತಿರಲಿಲ್ಲ, ಮೂರು ಮಹಡಿಯನ್ನೂ ಓಡಿಯೇ ಹತ್ತುತ್ತಿದ್ದ. ಕರಿದದ್ದು ಮುಟ್ಟುತ್ತಿರಲಿಲ್ಲ. ಅವಳು ಹೊರಲಾರದೆ ಹೊರುತ್ತಿದ್ದ ಐಸ್ ಪೆಟ್ಟಿಗೆಯನ್ನು ಒಂದು ಮಾತೂ ಆಡದೆ ಕಿತ್ತುಕೊಂಡು ಹೋಗುತ್ತಿದ್ದ. ಮಧ್ಯಾಹ್ನದ ಚಹಾ ಮೊದಮೊದಲು ಎರಡು ಬೇರೆ ಮೇಜಿನಲ್ಲಿ, ಆಮೇಲೆ ಒಂದೇ ಮೇಜಿನಲ್ಲಿ, ಆಮೇಲೆ ತಣ್ಣಗಾಗುವವರೆಗೂ ನಡೆಯಿತು. ತನ್ನ ಅಕ್ಕನ ಬಗ್ಗೆ, ಅವಳ ತುಂಟ ಮಗ ಪುಟ್ಟನ ಬಗ್ಗೆ ಹೇಳುತ್ತಿದ್ದ. ಅಪ್ಪನ ಮಾತು ಬಂದರೆ ಮಾತ್ರ ಲೋಟ ಎತ್ತಿಕೊಂಡು ಏಳುತ್ತಿದ್ದ.

ಇಷ್ಟೆಲ್ಲ ಮೆತ್ತಗಿರುವವನು ಕಂಟ್ರೋಲ್ ವಿಷಯ ಬಂದರೆ ಸಾಕು, ಕಲ್ಲಾಗುತ್ತಿದ್ದ.

"ತಪ್ಪು ನಿಮ್ಮ ಕೈಯದೇ. ಒಪ್ಕೊಳ್ಳೋಕೆ ಏನು ಕಷ್ಟ?"

ಅವಳ ಕೆಲಸವೆಲ್ಲ ಆ ಒಂದು ಅಂಕಿಯಲ್ಲಿ ಸಿಕ್ಕಿಕೊಂಡಿತ್ತು. ಅದು ಸರಿಯಾಗದೆ ಬೇರೆ ಯಾವ ಫಲಿತಾಂಶವನ್ನೂ ಮೇಡಂ ಮುಂದಿಡುವ ಹಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ... ಮನಸ್ಸು ಕೊಟ್ಟವನೇ ತನ್ನನ್ನು ಕೈಲಾಗದವಳು ಅಂದುಕೊಂಡಿದ್ದಾನಲ್ಲ ಎಂಬ ಸಂಕಟ. ತೋರಿಸ್ತೀನಿ ಇವನಿಗೆ, ಎಂದುಕೊಂಡಳು.

ತನ್ನದೇ ರಕ್ತ ತೆಗೆಸಿಕೊಂಡಳು. ಆಸ್ಪತ್ರೆಯಲ್ಲೂ ಪರೀಕ್ಷೆ ಮಾಡಿಸಿದಳು, ಇಲ್ಲಿ ತನ್ನ ಕೈಯಾರೆಯೂ ಮಾಡಿದಳು. ಎರಡೂ ಅಂಕಿ ಹೊಂದಿಕೊಂಡವು. ಅದೇ ಯಂತ್ರ, ಅದೇ ಕೈ, ಅದೇ ಹೊತ್ತಿನಲ್ಲಿ ಪರೀಕ್ಷಿಸಿದ ಕಂಟ್ರೋಲ್ ಮಾತ್ರ ಆಕಾಶಕ್ಕೇರಿತ್ತು.

ಕೈ ಸರಿಯಿತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

*

ವಾರದ ಸಭೆಯಲ್ಲಿ ಎಲ್ಲರೂ ಇದ್ದರು. ಮೇಡಂ ಮೇಜಿನ ತುದಿಯಲ್ಲಿ, ಅವನು ಕಿಟಕಿಯ ಪಕ್ಕ. ಅವಳು ಪರದೆಯ ಮೇಲೆ ಎರಡು ಅಂಕಿಗಳನ್ನೂ ತೋರಿಸಿದಳು.

"ನನ್ನ ಕೈಯಲ್ಲಿ ತಪ್ಪಿಲ್ಲ ಮೇಡಂ. ತಪ್ಪಿರೋದು ಟ್ಯೂಬಲ್ಲಿ. ಆರೋಗ್ಯವಂತರ ರಕ್ತ ಅಂತ ನಾವು ನಂಬ್ಕೊಂಡಿದೀವಿ. ಇದು ಆರೋಗ್ಯವಂತರದ್ದಲ್ಲ. ಊಟ ತಿಂಡಿಯಿಂದ ಇಷ್ಟು ಏರಲ್ಲ. ಇದು ವಂಶದಿಂದ ಬಂದದ್ದೇ ಇರ್ಬೇಕು. ಹೀಗೇ ಬಿಟ್ರೆ ನಲವತ್ತು ತುಂಬೋದ್ರೊಳಗೆ ಹೃದಯಾಘಾತ ಆಗಬಹುದು... ನಾವು ಹುಡುಕ್ತಿರೋ ಕಾಯಿಲೆ ನಮ್ಮ ಫ್ರೀಜರಲ್ಲೇ ಇದೆ."

ಕೊನೆಯ ಮಾತಿಗೆ ಯಾರಾದರೂ ನಗಬಹುದೆಂದು ಕಾದಳು. ಯಾರೂ ನಗಲಿಲ್ಲ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಿಟಕಿಯ ಪಕ್ಕದ ಕುರ್ಚಿ ಹಿಂದೆ ಸರಿದ ಸದ್ದಾಯಿತು. ಅವನು ಎದ್ದು, ಅವಳ ಕಡೆ ನೋಡದೆ, ಬಾಗಿಲು ತೆರೆದು ಹೊರಟುಹೋದ.

ಎಲ್ಲರೂ ಹೋದ ಮೇಲೆ ಮೇಡಂ ಅವಳನ್ನು ಕೂರಿಸಿಕೊಂಡರು.

"ಅವನು ಎದ್ದು ಹೋದಾಗಲೇ ನಿಂಗೆ ಗೊತ್ತಾಗಿರುತ್ತೆ. ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಆ ರಕ್ತ ಅವನದು."

ಅವಳು ಪರದೆಯ ಮೇಲೆ ಇನ್ನೂ ಇದ್ದ ಆ ಎರಡು ಅಂಕಿಗಳ ಕಡೆ ತಿರುಗಿದಳು.

"ಏನಾದ್ರೂ ಕಂಡ್ರೆ ಹೇಳ್ಬೇಕಾ ಅಂತ ಕೇಳ್ದಾಗ ಬೇಡ ಅಂದಿದ್ದ. ಮೂರು ಮಹಡಿ ಓಡಿ ಹತ್ತೋ ಹುಡುಗ, ಅವನಿಗೇನಾಗಿರುತ್ತೆ ಅಂದ್ಕೊಂಡು ಮೊದಲೇ ಪರೀಕ್ಷೆ ಮಾಡದೆ ತುಂಬಿಟ್ಟೆ. ಮೂಲ ತಪ್ಪು ನಂದು ಕಣಮ್ಮ. ಆದ್ರೂ ಅಷ್ಟು ಜನರ ಮುಂದೆ ಹೇಳೋಕೆ ಮುಂಚೆ ನನ್ನ ಹತ್ರ ಒಂದು ಮಾತು ಬರ್ಬೇಕಿತ್ತು. ಟ್ಯೂಬ್ ಹಿಂದೆ ಒಬ್ಬ ಮನುಷ್ಯ ಇರ್ತಾನೆ ಅಲ್ವಾ?"

ತನ್ನ ಕೈ ಸರಿಯಿದೆ ಎಂದು ತೋರಿಸುವ ಹಟದಲ್ಲಿ, ಅವನು ತನಗೆ ಹೇಳುವುದೇ ಬೇಡ ಎಂದಿದ್ದ ಮಾತನ್ನು ಇಡೀ ಕೋಣೆಗೆ ಸಾರಿಬಿಟ್ಟಿದ್ದಳು. ಅವಳಿಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು.

*

ಮಾರನೆಯ ದಿನ ಅವನು ಬರಲಿಲ್ಲ. ಫೋನ್ ಎತ್ತಲಿಲ್ಲ. ಬೇರೆ ಕಟ್ಟಡದ ವಿಭಾಗಕ್ಕೆ ಹೋಗಲು ಅನುಮತಿ ಕೇಳಿದ್ದಾನೆಂದು ಸುದ್ದಿ ಬಂತು. ಕೊನೆಗೊಂದು ಮಧ್ಯಾಹ್ನ ಫ್ರೀಜರ್ ಕೋಣೆಯಿಂದ ಸದ್ದು ಕೇಳಿ ಓಡಿದಳು. ಅವನು ತನ್ನ ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದ.

"ನನ್ನನ್ನ ಕ್ಷಮಿಸಿ ಅನ್ನೋಕೂ ಮುಖ ಇಲ್ಲ..." ಎಂದಳು. "ನಿಮ್ಮದು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಇದ್ರೂ ಹಾಗೆ ಹೇಳ್ಬಾರದಿತ್ತು."

"ನಂಗೆ ಗೊತ್ತಿತ್ತು," ಎಂದ ಅವನು.

"ಏನು?"

"ನಿಮ್ಮ ಕೈ ಸರಿ ಇದೆ ಅಂತ. ಮೊದಲನೇ ವಾರದಿಂದಲೇ ಗೊತ್ತಿತ್ತು." ಪೆಟ್ಟಿಗೆಯನ್ನು ಬದಿಗೆ ಸರಿಸಿ ಅದರ ಮೇಲೆಯೇ ಕೂತ. "ಅಪ್ಪ ಕೆಲಸದ ಜಾಗದಲ್ಲೇ ಕುಸಿದುಬಿದ್ದು ಹೋದ್ರು. ಆಗ ನಾನಿನ್ನೂ ಶಾಲೆಗೆ ಹೋಗ್ತಿದ್ದೆ. ಈ ಕೆಲಸಕ್ಕೆ ಬಂದಿದ್ದೇ ಅದಕ್ಕೆ. ಸಾವಿರಾರು ಜನರ ರಕ್ತ ನೋಡ್ದೆ, ನಂದು ನೋಡ್ಕೊಳ್ಳೋ ಧೈರ್ಯ ಬರ್ಲಿಲ್ಲ. ಮೇಡಂ ಕಂಟ್ರೋಲಿಗೆ ಯಾರಾದ್ರೂ ಕೊಡಿ ಅಂದಾಗ ಒಂದು ಹುಚ್ಚು ಯೋಚನೆ ಬಂತು. ಅಂಕಿ ಪ್ರತಿ ಸಲ ಸರಿ ಬಂದ್ರೆ, ಯಾರೂ ಹೇಳದೇನೇ ನಾನು ಚೆನ್ನಾಗಿದೀನಿ ಅಂತ ತಿಳಿಯುತ್ತೆ ಅಂತ."

"ಸರಿ ಬರ್ಲಿಲ್ಲ..."

"ಬರ್ಲಿಲ್ಲ. ಅದಕ್ಕೇ ನಿಮ್ಮ ಕೈದೇ ತಪ್ಪಾಗಿರಲಿ ಅಂತ ದಿನಾ ಬೇಡ್ಕೊಂಡೆ. ನಿಮ್ಮನ್ನ ಅಳಿಸ್ದೆ. ನೀವು ಅತ್ತು ಬಂದು ಮತ್ತೆ ಪಿಪೆಟ್ ಹಿಡಿದಾಗ ನನ್ನ ಮೇಲೆ ನಂಗೇ ಹೇಸಿಗೆ ಆಗ್ತಿತ್ತು. ಕ್ಷಮೆ ಕೇಳ್ಬೇಕಾದೋನು ನಾನು."

ಅವಳಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಬೆನ್ನಿಗೇ ಬಂದ ಭಯ ಅದನ್ನು ನುಂಗಿಹಾಕಿತು. ಇವನಿಗೇನಾದರೂ ಆದರೆ?

"ಇದಕ್ಕೆ ಮಾತ್ರೆ ಇದೆ," ಎಂದಳು. "ಬೇಗ ಶುರು ಮಾಡಿದ್ರೆ ಎಲ್ಲರ ಹಾಗೆ ತುಂಬು ಬಾಳು ಬಾಳಬಹುದು. ಇದನ್ನ ನಾನು ನಿಮಗೆ ಹೇಳ್ಕೊಡ್ಬೇಕಾ?"

"ಬೇಡ. ಬಂದವರಿಗೆಲ್ಲ ನಾನೇ ಹೇಳ್ತೀನಿ."

"ಮತ್ತೆ ಯಾಕೆ ಓಡಿ ಹೋಗ್ತಿದೀರಾ?"

ಅವನು ಪೆಟ್ಟಿಗೆಯ ಮೇಲಿಂದ ಎದ್ದು ನಿಂತ.

"ನೀನು ಬರೋವರೆಗೂ ಗೊತ್ತಾಗದೇ ಇದ್ರೂ ನಡೀತಿತ್ತು," ಎಂದ. ಬಹುವಚನ ಬಿಟ್ಟುಹೋದದ್ದು ಅವನ ಗಮನಕ್ಕೆ ಬರಲೇ ಇಲ್ಲ. "ಇರೋಷ್ಟು ದಿನ ಇದ್ದು ಹೋಗೋಣ ಅಂದ್ಕೊಂಡಿದ್ದೆ. ಈಗ ಬದುಕಬೇಕು ಅನ್ಸುತ್ತೆ. ಅದೇ ಹೆದರಿಕೆ. ಅಮ್ಮ ಬಾಗಿಲಲ್ಲಿ ಅಪ್ಪನಿಗೆ ಕಾಯ್ತಾ ನಿಂತಿದ್ದನ್ನ ನೋಡಿದೀನಿ. ನಿನ್ನನ್ನ ಹಾಗೆ ನಿಲ್ಲಿಸೋಕೆ ಇಷ್ಟ ಇಲ್ಲ."

ಅವಳ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲು ಹೋಗಲಿಲ್ಲ.

"ನಿಮ್ಮ ಅಪ್ಪನಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ. ಅಷ್ಟು ದೊಡ್ಡ ವ್ಯತ್ಯಾಸ ಇದೆ... ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ. ಕಾಯೋದಾದ್ರೆ ಪಕ್ಕದಲ್ಲಿ ಕೂತು ಕಾಯ್ತೀನಿ, ಬಾಗಿಲಲ್ಲಿ ಅಲ್ಲ."

*

ಹೃದಯದ ವೈದ್ಯರು ಎಲ್ಲ ನೋಡಿದರು. ಜೀನಿನ ಪರೀಕ್ಷೆಯೂ ಅದನ್ನೇ ಹೇಳಿತು. ಅಪ್ಪನಿಂದ ಬಂದದ್ದೇ. ಆದರೆ ರಕ್ತನಾಳಗಳು ಇನ್ನೂ ಚೆನ್ನಾಗಿದ್ದವು. "ಸರಿಯಾದ ಹೊತ್ತಿಗೆ ಬಂದಿದೀರಿ. ಮಾತ್ರೆ ಬಿಡಬೇಡಿ, ನಿಮ್ಮ ಒಡಹುಟ್ಟಿದವರನ್ನೂ ಅವರ ಮಕ್ಕಳನ್ನೂ ಕರ್ಕೊಂಡು ಬನ್ನಿ," ಎಂದು ಕಳಿಸಿದರು.

ಹೊರಗಿನ ಬೆಂಚಿನ ಮೇಲೆ ಕೂತು ಅವನು ಅಕ್ಕನ ನಂಬರ್ ಒತ್ತಲು ಮೂರು ಸಲ ಹೋಗಿ ಮೂರು ಸಲವೂ ಬಿಟ್ಟ. ಎಷ್ಟೋ ಮನೆಯವರಿಗೆ ಈ ಮಾತು ಹೇಳಿದವನಿಗೆ ಸ್ವಂತ ಅಕ್ಕನಿಗೆ ಹೇಳಲು ನಾಲಿಗೆ ಏಳಲಿಲ್ಲ. ಅವಳು ಅವನ ಕೈ ಹಿಡಿದುಕೊಂಡಳು. ಆಗ ಒತ್ತಿದ.

"ಅಕ್ಕಾ... ಗಾಬರಿಯಾಗ್ಬೇಡ, ನಾನು ಚೆನ್ನಾಗೇ ಇದೀನಿ. ಅಪ್ಪನಿಗಿದ್ದದ್ದು ನನಗೂ ಇದೆ. ಮಾತ್ರೆ ಕೊಟ್ಟಿದಾರೆ, ಏನೂ ಆಗಲ್ಲ. ನೀನೂ ಪರೀಕ್ಷೆ ಮಾಡಿಸ್ಕೋ. ಪುಟ್ಟನಿಗೂ ಮಾಡಿಸ್ಬೇಕು." ಆ ಕಡೆಯಿಂದ ಬಿಕ್ಕುವ ಸದ್ದು ಕೇಳಿಸಿತು. ಅವನ ದನಿಯೂ ಒಡೆಯಿತು. "ಅಳಬೇಡ್ವೇ... ಇಲ್ಲ, ಒಬ್ಬನೇ ಇಲ್ಲ. ಜೊತೇಲಿ ಇದಾಳೆ... ಯಾರು ಅಂದ್ರೆ..."

ಅವನು ಅವಳ ಮುಖ ನೋಡಿದ.

ಅವಳು ಕೈ ಚಾಚಿ ಫೋನ್ ತೆಗೆದುಕೊಂಡಳು.

"ಅಕ್ಕಾ, ನಾನು ಮಾತಾಡ್ತಿರೋದು. ಇವರ ಜೊತೆ ನಾನಿದೀನಿ, ಇನ್ನು ಮುಂದೆನೂ ಇರ್ತೀನಿ. ನೀವು ಧೈರ್ಯವಾಗಿ ಪುಟ್ಟನ್ನ ಕರ್ಕೊಂಡು ಬನ್ನಿ. ರಕ್ತ ನಾನೇ ತೆಗೀತೀನಿ, ನೋವಾಗದ ಹಾಗೆ."

ಆ ಕಡೆಯಿಂದ ಅಕ್ಕ ಮೂಗು ಒರೆಸಿಕೊಂಡ ಸದ್ದು ಕೇಳಿತು. "ಬರ್ತೀವಮ್ಮ. ಅವನಿಗೆ ಹೊತ್ತುಹೊತ್ತಿಗೆ ಊಟ ಮಾಡೋಕೆ ಹೇಳು. ನನ್ನ ಮಾತಂತೂ ಕೇಳಲ್ಲ."

ಫೋನ್ ಇಟ್ಟ ಮೇಲೂ ಅವನು ಅವಳನ್ನೇ ನೋಡುತ್ತಿದ್ದ.

"ನೀನೂ ಅಕ್ಕ ಅಂದೆ..."

"ನಿಮ್ಮ ಅಕ್ಕನ್ನ ಇನ್ನೇನಂತ ಕರೀಲಿ?"

"ಹಾಗೇ ಕರಿ," ಎಂದ ಅವನು, ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿಕೊಂಡು. "ಕೊನೆವರೆಗೂ ಹಾಗೇ ಕರಿ."