ಪಟ್ಟಿಯ ಮೇಲಿನ ಹೆಬ್ಬೆರಳ ಗುರುತು

ಅವರಿಬ್ಬರ ಪರಿಚಯ ಆದದ್ದೇ ಬೈಗುಳದಿಂದ.

ಹಳೆಯ ಸೈನ್ಯದ ಸಾಮಾನು ಕೂಡಿಡುವ ಹುಚ್ಚಿನವರು ಎಲ್ಲ ಕಡೆಯೂ ಇರುತ್ತಾರೆ. ಯಾವುದೋ ಕಾಲದ ಯುದ್ಧದಲ್ಲಿ ಯಾರೋ ಹೆಗಲಿಗೆ ಹಾಕಿಕೊಂಡಿದ್ದ ಚೀಲ, ಸೊಂಟದ ಬೆಲ್ಟು, ದುರ್ಬೀನು ಅಂದರೆ ಪ್ರಾಣ ಬಿಡುತ್ತಾರೆ. ಅದು ಅಸಲಿಯೋ ನಕಲಿಯೋ, ಎಷ್ಟು ಬೆಲೆ ಬಾಳುತ್ತದೋ ನೋಡಿ ಹೇಳುವುದು ಅವಳ ಕೆಲಸ. ಹರಾಜು ಕಂಪನಿಯ ಮಹಡಿ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ, ಒಂದು ಕಣ್ಣಿಗೆ ಭೂತಗನ್ನಡಿಯ ಗಾಜು ಒತ್ತಿ, ಇನ್ನೊಂದು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. ಗಿರಾಕಿಗಳು ಅವಳನ್ನು 'ಭೂತಗನ್ನಡಿ ಮೇಡಂ' ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ, ಎದುರಿಗೆ ಅನ್ನುವ ಧೈರ್ಯ ಯಾರಿಗಿತ್ತು?

ಅವನು ಚರ್ಮದ ಕೆಲಸದವನು. ಹರಿದ ಪಟ್ಟಿ, ಬಿಟ್ಟುಹೋದ ಹೊಲಿಗೆ ಸರಿ ಮಾಡುವುದರಲ್ಲಿ ಪಳಗಿದ ಕೈ. ಮೊದಲ ದಿನ ಗುಂಡು ತುಂಬುವ ಒಂದು ಹಳೆಯ ಚೀಲ ಹೊಲಿದು ತಂದಿದ್ದ. ಒಳ್ಳೆಯ ಹೆಸರು ಬರಲಿ ಅಂತ ಅದರ ಹಿತ್ತಾಳೆ ಬಕಲನ್ನೂ ಫಳಫಳ ಉಜ್ಜಿದ್ದ.

"ಇದಕ್ಕೆ ಸ್ನಾನ ಮಾಡ್ಸಿ ಅಂತ ಯಾರ್ರೀ ಹೇಳಿದ್ದು?"

"ಕೊಳೆ ಇತ್ತು ಮೇಡಂ."

"ಕೊಳೆ ಅಲ್ಲ ಅದು, ಇದರ ವಯಸ್ಸು. ಕಟ್ಟಿಕೊಂಡಿದ್ದವನ ಕೈ ಎಲ್ಲೆಲ್ಲಿ ಬಿದ್ದಿತ್ತು ಅನ್ನೋದು ಅದರಲ್ಲೇ ಇತ್ತು. ಈಗ ಅರ್ಧ ಬೆಲೆ ಬಂದ್ರೆ ನಿಮ್ಮ ಪುಣ್ಯ."

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು.

"ಏನು ನಗು?"

"ಗಾಜು ಒತ್ತಿ ನಿಮ್ಮ ಕಣ್ಣಿನ ಸುತ್ತ ಗುಂಡಗೆ ಗುರುತು ಬಿದ್ದಿದೆ. ಅದನ್ನೂ ಒರೆಸಬಾರದೇನೋ ಅಂತ ಯೋಚನೆ ಮಾಡ್ತಿದ್ದೆ."

ಅವಳು ಮುಖ ಗಂಟಿಕ್ಕಲು ನೋಡಿದಳು, ಆಗಲಿಲ್ಲ. ತುಟಿಯ ಒಂದು ಮೂಲೆ ಮೇಲಕ್ಕೆ ಹೋಗಿಯೇಬಿಟ್ಟಿತು. ಅವನು ಮೆಟ್ಟಿಲಿಳಿಯುವಾಗ ಮನಸ್ಸು ಮೇಲೆಯೇ ಉಳಿದಿತ್ತು.

ಅಲ್ಲಿಂದ ಮುಂದೆ ಅವನು ಯಾವ ಸಾಮಾನಿಗೂ ಒಂದು ತೊಟ್ಟು ನೀರು ಸೋಕಿಸಲಿಲ್ಲ. ನೂಲಿನ ಬಣ್ಣ ಕೇಳಬೇಕು, ಸೂಜಿಯ ದಪ್ಪ ಕೇಳಬೇಕು ಅಂತ ಇಲ್ಲದ ನೆಪ ಹುಡುಕಿ ಮಹಡಿ ಹತ್ತುತ್ತಿದ್ದ. ಅವಳೂ ನೆಪಗಳನ್ನು ಅಸಲಿಯೆಂದೇ ಒಪ್ಪಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂರಿಸಿಕೊಂಡು ನೋಡುವುದನ್ನು ಕಲಿಸಿದಳು.

"ಈ ಬೆಲ್ಟಿನವನು ಯುದ್ಧದ ಮಧ್ಯೆ ಸೊರಗಿ ಇಳಿದುಹೋಗಿದಾನೆ. ನೋಡಿ, ಮೊದಲಿನ ತೂತು ಸವೆದಿದೆ, ಆಮೇಲೆ ಒಳಗಡೆ ಇನ್ನೊಂದು ತೂತು ತಾನೇ ಕೊರೆದಿದಾನೆ. ಚಾಕುವಿನಲ್ಲಿ."

"ನನ್ನ ಬೆಲ್ಟು ನೋಡಿದ್ರೆ ಏನಂತೀರಿ?"

ಅವಳು ಬಗ್ಗಿ ಬೇಕಂತಲೇ ಗಾಜು ಹಿಡಿದಳು.

"ನಮ್ಮತ್ತೆ ಕೈ ಊಟ ಶುರುವಾದ ಮೇಲೆ ಹೊರಗಿನ ತೂತಿಗೆ ಬಂದಿದೀರಿ."

ಅತ್ತೆ ಅಂದರೆ ತೀರಿಹೋದ ಗಂಡನ ತಾಯಿ. ಗಂಡ ಕಾಯಿಲೆಯಿಂದ ಹೋಗಿ ಕೆಲವು ವರ್ಷಗಳಾಗಿದ್ದವು. ಅತ್ತೆ ಸೊಸೆ ಇಬ್ಬರೇ ಒಂದೇ ಮನೆಯಲ್ಲಿದ್ದರು, ಹೊತ್ತುಹೊತ್ತಿಗೆ ಜಗಳವಾಡಿಕೊಂಡು, ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣದೆ. ಮಧ್ಯಾಹ್ನದ ಡಬ್ಬಿಯಲ್ಲಿ ಆ ಹೊಲಿಗೆಯವನಿಗೂ ಒಂದು ಪಾಲು ಇಡಲು ಶುರು ಮಾಡಿದ್ದು ಅತ್ತೆಯೇ.

ಆ ಮನೆಯ ಬಾಗಿಲ ಪಕ್ಕದ ಗೂಟದಲ್ಲಿ ಒಂದು ನೀರಿನ ಬಾಟಲಿ ತೂಗುತ್ತಿತ್ತು. ಗಂಡನ ತಾತ ಸೈನ್ಯದಲ್ಲಿ ಹೊತ್ತಿದ್ದದ್ದು. ತಗಡಿನ ಮೈ, ಮೇಲೆ ದಪ್ಪ ಉಣ್ಣೆಯ ಹೊದಿಕೆ, ಚರ್ಮದ ಪಟ್ಟಿ. ಗಂಡನಿಗೆ ಬೆಟ್ಟ ಹತ್ತುವ ಚಟ, ಹೋದಲ್ಲೆಲ್ಲ ಅದನ್ನೇ ಹಾಕಿಕೊಂಡು ಹೋಗುತ್ತಿದ್ದ. ನಡೆಯುವಾಗ ಹೆಬ್ಬೆರಳನ್ನು ಪಟ್ಟಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ. ಎದೆಯ ಹತ್ತಿರ ಚರ್ಮದ ಮೇಲೆ ಹೆಬ್ಬೆರಳಗಲ ಕಪ್ಪಗೆ ಒಂದು ಗುರುತು ಕೂತಿತ್ತು. ಅತ್ತೆ ಬಾಗಿಲ ಬಳಿ ಓಡಾಡುವಾಗಲೆಲ್ಲ ಆ ಉಣ್ಣೆಗೆ ಮೂಗು ಒತ್ತಿ ಮುಂದಕ್ಕೆ ಹೋಗುತ್ತಿದ್ದಳು.

ಅವನು ಒಂದು ದಿನ ಕೇಳಿಯೇಬಿಟ್ಟ. "ನನ್ನ ಮದುವೆ ಆಗ್ತೀರಾ?"

ಆ ವಾರದ ಕೊನೆಗೆ ಅವಳು ಅವನ ಅಂಗಡಿಗೆ ತಾನೇ ಬಂದು, ಬಟ್ಟೆಯಲ್ಲಿ ಸುತ್ತಿದ ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಪಟ್ಟಿಯ ಹೊಲಿಗೆ ಬಿಟ್ಟಿದೆ. ಇದನ್ನ ಇಲ್ಲೀವರೆಗೂ ಯಾರ ಕೈಗೂ ಕೊಟ್ಟಿಲ್ಲ. ನಿಮ್ಮ ಕೈಗೆ ಕೊಡೋಕಾಗುತ್ತಾ ಅಂತ ನನ್ನನ್ನ ನಾನೇ ನೋಡ್ಕೋತಿದೀನಿ. ವಾಪಸ್ ತಂದ ದಿನ ಉತ್ತರ ಹೇಳ್ತೀನಿ."

ಕೊಟ್ಟಳು. ಬೆರಳು ಬಿಡಿಸಿಕೊಳ್ಳಲು ಅವಳಿಗೆ ತಡವಾಯಿತು.

ಅವನು ತನ್ನ ಜೀವಮಾನದಲ್ಲೇ ಅಂಥ ಹೊಲಿಗೆ ಹಾಕಿರಲಿಲ್ಲ. ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ, ಮೇಣ ಸವರಿದ ನೂಲಿನಿಂದ, ಉಸಿರು ಬಿಗಿಹಿಡಿದು ಮುಗಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಪಟ್ಟಿ ಭಾರ ತಡೆಯುತ್ತದೋ ನೋಡಲು ಹೆಗಲಿಗೆ ಹಾಕಿಕೊಂಡ. ಹೆಬ್ಬೆರಳು ತಾನಾಗಿ ಆ ಗುರುತಿನ ಮೇಲೆ ಹೋಯಿತು. ಗುರುತು ಅವನ ಹೆಬ್ಬೆರಳಿಗಿಂತ ದೊಡ್ಡದಿತ್ತು.

ಬಾಗಿಲ ಬಳಿ ದಿನವೂ ಇದು ತೂಗುತ್ತದೆ. ತಾನು ಹೋಗುವಾಗ, ಬರುವಾಗ, ಅವಳ ಪಕ್ಕದಲ್ಲಿ ಕೂತಾಗ, ಆ ತೀರಿಹೋದವನು ನೋಡುತ್ತಿರುತ್ತಾನೆ. ಹೊಸ ಬಾಳಿಗೆ ಇದೂ ಹೊಸದಾಗಿಯೇ ಹೋಗಲಿ ಅಂತ ಬಾಯಲ್ಲಿ ಹೇಳಿಕೊಂಡ. ಕೈ ಮಾತ್ರ ಒದ್ದೆ ಬಟ್ಟೆ ಮತ್ತು ಸೋಪು ಹುಡುಕಿತು. ಉಜ್ಜಿದ. ಉಜ್ಜಿದ ಮೇಲೆ ಆ ಜಾಗ ಬೇರೆಯಾಗಿ ಕಂಡಿತು, ಪೂರ್ತಿ ಪಟ್ಟಿ ಉಜ್ಜಿದ. ಕಡೆಗೆ ಉಣ್ಣೆಯನ್ನೂ ತೊಳೆದು ಹೊಸ್ತಿಲ ಬಿಸಿಲಿಗೆ ಇಟ್ಟ.

ಅವನು ಬಾಟಲಿಯನ್ನು ಮಹಡಿ ಕೋಣೆಯ ಮೇಜಿನ ಮೇಲೆ ತಂದಿಟ್ಟಾಗ ಅವಳು ಅಭ್ಯಾಸಬಲದಿಂದ ಗಾಜನ್ನೇ ಎತ್ತಿಕೊಂಡಳು. ಮೊದಲು ಹೊಲಿಗೆ ನೋಡಿದಳು.

"ಹಳೇ ತೂತಲ್ಲೇ ಹಾಕಿದೀರಿ. ಎಷ್ಟು ಚೆಂದ ಆಗಿದೆ!" ಕಣ್ಣೆತ್ತಿ ಅವನನ್ನು ನೋಡಿದಳು. ಆ ನೋಟದಲ್ಲಿ ಉತ್ತರ ಇತ್ತು, ಅವನು ಅದನ್ನು ಕಣ್ಣಾರೆ ಕಂಡ.

ಗಾಜು ಪಟ್ಟಿಯ ಮೇಲೆ ಏರಿತು. ಎದೆಯ ಜಾಗ ದಾಟಿ ಹೋಯಿತು, ಹಿಂದಕ್ಕೆ ಬಂತು. ಅವಳು ಪಟ್ಟಿಯನ್ನು ಬೆಳಕಿಗೆ ತಿರುಗಿಸಿದಳು. ಆಮೇಲೆ ಗಾಜು ಕೆಳಗಿಟ್ಟು ಬರಿ ಬೆರಳಲ್ಲಿ ತಡಕಿದಳು.

"ತೊಳೆದಿದೀರಿ."

"ಸ್ವಲ್ಪ ಕೊಳೆ..."

"ಬೇರೆಯವರ ಸಾಮಾನಾಗಿದ್ರೆ ನೀವು ಹೀಗೆ ಮಾಡ್ತಿರ್ಲಿಲ್ಲ. ಗೊತ್ತಿದ್ದೇ ಮಾಡಿದ್ರಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಮುಂದೆ ಅದು ಹೊರಬರಲಿಲ್ಲ.

"ಗೊತ್ತಿದ್ದೇ. ಅವರು ಹೋಗ್ಲಿ ಅನ್ನಿಸ್ತು."

ಅವಳು ಕೂಗಾಡಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ.

"ಅವರನ್ನ ನಾನೇ ಕಳಿಸ್ಕೊಡ್ತಿದ್ದೆ ಕಣ್ರೀ, ನಿಧಾನಕ್ಕೆ. ಅದಕ್ಕೇ ನಿಮ್ಮ ಕೈಗೆ ತಂದು ಕೊಟ್ಟಿದ್ದು. ನೀವು ಕುತ್ತಿಗೆ ಹಿಡಿದು ಆಚೆ ತಳ್ಳಿಬಿಟ್ರಿ. ಇದನ್ನ ಅತ್ತೆ ಕೈಗೆ ಹೇಗೆ ಕೊಡಲಿ?"

"ನಾನೇ ಕೊಡ್ತೀನಿ. ನಾನೇ ಹೇಳ್ತೀನಿ."

ಸಂಜೆ ಅವಳ ಜೊತೆಯಲ್ಲೇ ಹೋದ. ಅವಳು ನೇರವಾಗಿ ಒಳಕೋಣೆಗೆ ನಡೆದಳು. ಅವನು ಬಾಗಿಲಲ್ಲಿ ನಿಂತಲ್ಲೇ ಅತ್ತೆಗೆ ಎಲ್ಲ ಹೇಳಿದ, ಒಂದನ್ನೂ ಮುಚ್ಚಿಡದೆ. ಅತ್ತೆ ಬಾಟಲಿಯನ್ನು ಮುಖಕ್ಕೆ ಒತ್ತಿಕೊಂಡಳು.

"ಸೋಪಿನ ವಾಸನೆ," ಎಂದಳು. ಆಮೇಲೆ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅವಳ ಕಿವಿಗೆ ಬೀಳಬಾರದು. ಇದರಲ್ಲಿ ನನ್ನ ಮಗನ ವಾಸನೆ ಹೋಗಿ ಬಹಳ ಕಾಲ ಆಯ್ತಪ್ಪ. ಅವಳಿಗೆ ಸಮಾಧಾನ ಆಗ್ಲಿ ಅಂತ ಮೂಸ್ತಿದ್ದೆ."

"ಹಾಗಾದ್ರೆ ಕ್ಷಮಿಸ್ತೀರಾ ಅಮ್ಮ?"

"ನಾನು ಕ್ಷಮಿಸಿದ್ರೆ ಏನು ಬಂತು? ನಾನೇನು ನಿನ್ನ ಮದುವೆ ಆಗ್ತೀನಾ?" ನಗಲು ಹೋಗಿ ಅತ್ತಳು. "ಅವಳ ಪಾಲಿಗೆ ಆ ಬೆರಳಿನ ಗುರುತಾದ್ರೂ ಇತ್ತು ಕಣೋ. ವಾಸನೆ ತೊಳಿ, ಪರವಾಗಿಲ್ಲ. ಅದನ್ನ ಬಿಡಬಾರದಾಗಿತ್ತಾ?"

ಅವನನ್ನು ಗೇಟಿನವರೆಗೆ ಬಿಡಲು ಒಳಕೋಣೆಯಿಂದ ಅವಳೇ ಎದ್ದು ಬಂದಳು.

"ಇವತ್ತು ಹೂಂ ಅನ್ನೋಕೇ ಕಾಯ್ತಿದ್ದೆ," ಎಂದಳು.

"ಈಗ?"

"ಈಗ ಅವರ ಬಗ್ಗೆ ಒಂದು ಮಾತಾಡಬೇಕಾದ್ರೂ ಮೊದಲು ನಿಮ್ಮ ಮುಖ ನೋಡಬೇಕಾಗುತ್ತೆ. ನನ್ನ ಮನೇಲಿ ನಾನು ಅಳೆದು ತೂಗಿ ಮಾತಾಡೋಕಾಗಲ್ಲ."

"ಪ್ರೀತಿ ಇಲ್ವಾ?"

"ಇದೆ. ಅದಕ್ಕೇ ಆಚೆ ನಿಂತು ಹೇಳ್ತಿದೀನಿ. ಒಳಗೆ ಕೂತ್ರೆ ಹೇಳೋಕೇ ಆಗಲ್ಲ."

ಅವಳು ಅವನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿದಳು. ಮೇಣ ಮೆತ್ತಿದ ಬೆರಳುಗಳನ್ನು, ಸೂಜಿ ಚುಚ್ಚಿದ ಕಲೆಗಳನ್ನು ಒಂದೊಂದಾಗಿ ನೋಡಿದಳು. ಬಗ್ಗಿ ಅದಕ್ಕೆ ಕೆನ್ನೆ ಒತ್ತಿದಳು. ಕೆನ್ನೆ ಒದ್ದೆಯಾಗಿತ್ತು. ನಂತರ ಬೆರಳುಗಳನ್ನು ಮಡಿಸಿ, ಆ ಕೈಯನ್ನು ಅವನಿಗೇ ವಾಪಸ್ ಕೊಟ್ಟಳು.

"ಒಳ್ಳೆ ಕೈ," ಎಂದಳು. "ನನಗೆ ದಕ್ಕಲಿಲ್ಲ."

ಗೇಟು ಹಾಕಿಕೊಂಡಳು. ಒಳಗಿನಿಂದ ಅತ್ತೆ "ಹೋದ್ನಾ?" ಎಂದು ಕೇಳಿದ್ದು ಅವನಿಗೂ ಕೇಳಿಸಿತು. ಅವಳ ಉತ್ತರ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ, ಅವನು ತನ್ನ ಅಂಗಡಿಯ ದಾರಿ ಹಿಡಿದ.