ಸೂತಕದ ಬೆಳಗಿನ ಇಂಗ್ಲಿಷ್ ಪರೀಕ್ಷೆ

"ಕಿಟ್ಟೂ, ನಿಲ್ಲು! ಹೊಸಿಲು ದಾಟಬೇಡ... ಸೂತಕ ಉಂಟು! ದೇಯಿ ಅಜ್ಜಿ ಹೋದರು!"

ಹೊರಟಿದ್ದ ಕಿಟ್ಟು ನಿಂತಲ್ಲೇ ನಿಂತ. ಅವನ ತಾಯಿ ಲಕ್ಷ್ಮೀಯ ಕೈಯಿಂದ ಗಂಜಿಯ ಬಟ್ಟಲು ಜಾರಿತು. ಕೂಗಿದವಳು ಅವನ ಸೋದರಮಾವ ಸೇಸಪ್ಪನ ಹೆಂಡತಿ ವಾರಿಜಾಕ್ಷಿ. ಸುರತ್ಕಲ್ಲಿನ ದೇಯಿ ಅಜ್ಜಿ ತೀರಿಕೊಂಡ ಸುದ್ದಿಯನ್ನು ಅಲ್ಲಿಂದ ಬಂದ ಆಳು ಬೂಬ ಹಿತ್ತಲ ಬಾಗಿಲಲ್ಲಿ ಅವಳೊಬ್ಬಳಿಗೇ ಹೇಳಿ ಹೋಗಿದ್ದ. ಸೇಸಪ್ಪ ಕಡಲಿನಲ್ಲಿದ್ದ. ಹುಡುಗರು ಪರೀಕ್ಷೆಗೆ ಹೋದ ಮೇಲೆ ಬಾಯಿಬಿಟ್ಟಿದ್ದರೂ ಆಗುತ್ತಿತ್ತು. ಕೇಳಿದ ಗಳಿಗೆಯಿಂದ ತಾನೇ ಸೂತಕ! ಆದರೆ ಹೊಟ್ಟೆಕಿಚ್ಚು ಅವಳನ್ನು ಸುಮ್ಮನಿರಲು ಬಿಡಲಿಲ್ಲ.

ಎಷ್ಟು ವರ್ಷಗಳ ಕಿಚ್ಚು ಅದು! ಅಳಿಯಸಂತಾನದ ಕಟ್ಟಿನಂತೆ ಬೆಂಗ್ರೆಯ ಆ ಮನೆ, ದೋಣಿ, ಬಲೆ ಎಲ್ಲವೂ ಸೇಸಪ್ಪನ ಅಕ್ಕನ ಮಗ ಕಿಟ್ಟುವಿಗೆ. ಹೆತ್ತ ಮಗ ಪ್ರೇಮನಾಥನಿಗೆ ಏನೂ ಇಲ್ಲ. ಅದನ್ನಾದರೂ ಸಹಿಸಿದ್ದಳು. ಇಂಗ್ಲಿಷ್ ಕಲಿಸಲು ಸೇಸಪ್ಪ ನೊರ್ಬರ್ಟ್ ಮಾಸ್ಟರನ್ನು ಗೊತ್ತುಮಾಡಿದ್ದೂ ಕಿಟ್ಟುವಿಗೇ! ತನ್ನ ಮಗ ಬಾಗಿಲ ಮರೆಯಲ್ಲಿ ಕೂತು, ಕೇಳಿ ಕಲಿಯುವುದನ್ನು ನೋಡಿ ಅವಳ ಕರುಳು ಉರಿದಿತ್ತು. ಮೂವತ್ತಾರನೆಯ ಇಸವಿಯ ಆ ದಿನ ಇಬ್ಬರಿಗೂ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆ. ಇಡೀ ಮದರಾಸು ಪ್ರಾಂತ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ. ಇಂಗ್ಲಿಷಿನಲ್ಲಿ ಬಿದ್ದವನಿಗೆ ಕಾಲೇಜೂ ಇಲ್ಲ, ಕಚೇರಿಯ ಕೆಲಸವೂ ಇಲ್ಲ. ದೇಯಿ ಅಜ್ಜಿ ಲಕ್ಷ್ಮೀಯ ಬಳಿಯವಳು, ಎಂದರೆ ಅವಳದೇ ಕುಲದವಳು. ತಾಯಿಯಿಂದ ಬರುವ ಆ ಕುಲದ ಸೂತಕ ಕಿಟ್ಟುವಿಗೆ ತಟ್ಟುತ್ತದೆ, ಪ್ರೇಮನಾಥನಿಗೆ ತಟ್ಟುವುದಿಲ್ಲ. ಈ ಒಂದು ಸಲವಾದರೂ ನನ್ನ ಮಗ ಮುಂದಾಗಲಿ ಎಂದುಕೊಂಡಳು ಆ ತಾಯಿ.

"ಅಯ್ಯೋ... ಇವತ್ತೇ ಆಗಬೇಕಿತ್ತಾ!" ಲಕ್ಷ್ಮೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಒಳಗೆ ಬಾ ಮಗಾ. ಶುದ್ಧ ಆಗುವ ತನಕ ಹೋಗುವ ಹಾಗಿಲ್ಲ."

ಕಿಟ್ಟು ಕಿಸೆಯಿಂದ ಪೆನ್ನು ತೆಗೆದು ಪ್ರೇಮನಾಥನ ಮುಂದೆ ಹಿಡಿದ. "ನಿನ್ನದು ಶಾಯಿ ಕಾರ್ತದೆ. ಇದನ್ನು ತಗೊಂಡು ಹೋಗು."

ಪ್ರೇಮನಾಥ ಕೈ ಚಾಚಲಿಲ್ಲ. "ಹಾಗಾದ್ರೆ ನಾನೂ ಹೋಗುವುದಿಲ್ಲ."

"ನಿನಗೆಂತ ಆಯ್ತು ಮಾರಾಯ?" ವಾರಿಜಾಕ್ಷಿ ಚೀರಿದಳು. "ನಿನಗೆ ಸೂತಕ ಇಲ್ಲ!"

"ಈ ಮನೆಯಲ್ಲಿ ನನಗೆ ಪಾಲಿಲ್ಲ ಅಂತ ದಿನಾ ಅಳ್ತೀಯಲ್ಲ ಅಮ್ಮಾ... ಇವತ್ತು ಸಾವಿನಲ್ಲಿಯೂ ಪಾಲಿಲ್ಲ ಅಂತ ಖುಷಿಯಾ? ಆ ಅಜ್ಜಿ ನನ್ನನ್ನೂ ಮಡಿಲಲ್ಲಿ ಮಲಗಿಸಿದವರು!"

ಹೊಳೆಯ ಕಡೆಯಿಂದ ದೋಣಿಯವನ ಕೂಗು ಕೇಳಿಸಿತು. ಇದು ಹೋದರೆ ಹೊಳೆಯಾಚೆಯ ಶಾಲೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬೇರೆ ದೋಣಿಯಿಲ್ಲ. ತಲೆ ತಗ್ಗಿಸಿ ನಿಂತ ಇಬ್ಬರು ಹುಡುಗರನ್ನೂ ವಾರಿಜಾಕ್ಷಿ ನೋಡಿದಳು. ತಾನೇನು ಮಾಡಿಬಿಟ್ಟೆ!

"ಸುಳ್ಳು!" ಅವಳು ಒಮ್ಮೆಲೇ ಕಿರುಚಿದಳು. "ಯಾರೂ ಸಾಯಲಿಲ್ಲ! ಕಿಟ್ಟು ಪಾಸಾಗಬಾರದು ಅಂತ ನಾನೇ ಕಟ್ಟಿದ ಸುಳ್ಳು... ಇನ್ನೆಂತ ನೋಡ್ತೀರಿ? ಓಡಿ!"

ಲಕ್ಷ್ಮೀಯ ಕೈ ಅವಳ ಕೆನ್ನೆಗೆ ಬಿತ್ತು. "ಪಾಪೀ! ಬದುಕಿರುವವರನ್ನು ಬಾಯಲ್ಲಿ ಕೊಂದೆಯಲ್ಲ! ಇನ್ನು ನಿನ್ನ ಮುಖ ನೋಡ್ಲಿಕ್ಕಿಲ್ಲ ನಾನು!"

ನೆರೆಮನೆಯ ಹೆಂಗಸರು ಅಂಗಳಕ್ಕೆ ಬಂದರು. "ಛೀ" ಎಂದರು ಯಾರೋ. ಹುಡುಗರು ಓಡಿದರು. ಓಡುವ ಮೊದಲು ಅತ್ತೆಯ ಕಡೆಗೆ ಕಿಟ್ಟು ಬೀರಿದ ಅಸಹ್ಯದ ನೋಟ ಅವಳಿಗೆ ಆ ಪೆಟ್ಟಿಗಿಂತ ಹೆಚ್ಚು ನೋವು ಕೊಟ್ಟಿತು. ಆದರೂ ತುಟಿ ಕಚ್ಚಿಕೊಂಡು ನಿಂತಳು. ದೋಣಿ ಹೊಳೆ ದಾಟಿ ಬಂದರಿನ ದಡ ಸೇರಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಲಕ್ಷ್ಮೀಯ ಕೈ ಹಿಡಿದಳು.

"ಅಕ್ಕಾ... ಇನ್ನು ಅತ್ತುಬಿಡಿ. ದೇಯಿ ಅಜ್ಜಿ ನಿಜವಾಗಿಯೂ ಹೋದರು."

ಲಕ್ಷ್ಮೀ ಕಣ್ಣರಳಿಸಿದಳು. "ಹಾಗಾದ್ರೆ ನೀನು ಆಗ ಹೇಳಿದ್ದು..."

"ಸುಳ್ಳು ಅಂತ ಹೇಳಿದ್ದೇ ಸುಳ್ಳು ಅಕ್ಕಾ. ನನ್ನ ಹೊಟ್ಟೆಕಿಚ್ಚು ಮಾತ್ರ ನಿಜ."

ಲಕ್ಷ್ಮೀ ಕುಸಿದು ಕೂತಳು. ಹೊಡೆದ ಕೈಯಿಂದಲೇ ಆ ಕೆಂಪಾದ ಕೆನ್ನೆಯನ್ನು ಸವರಿದಳು. ಅಂದು ಸೂತಕವಿಲ್ಲದ ವಾರಿಜಾಕ್ಷಿಯೂ ಸೂತಕದವಳ ಪಕ್ಕದಲ್ಲೇ ಕೂತು ದನಿಯೆತ್ತಿ ಅತ್ತಳು.