ಕಾನುಕೊಪ್ಪದ ಕಲ್ಲು

ನವೆಂಬರ್ ಮೂರು, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಾಗರದ ಠಾಣೆಗೆ ಬಂದಂಥ ದೂರು ಪೊಲೀಸ್ ಇಲಾಖೆ ಹುಟ್ಟಿದ ಮೇಲೆ ಎಲ್ಲಿಯೂ ಬಂದಿರಲಿಲ್ಲ. ಶಾಸಕ ಮಂಜುನಾಥಪ್ಪನವರ ಹೆಸರು ಕೆತ್ತಿದ ಶಂಕುಸ್ಥಾಪನೆಯ ಕಲ್ಲುಗಳು ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲೂಕುಗಳಲ್ಲಿ ಕಾಣೆಯಾಗುತ್ತಿದ್ದವು. ದೂರು ತಂದವನು ಶಾಸಕರ ಆಪ್ತ ಸಹಾಯಕ ಮಧುಸೂದನ.

ಮಂಜುನಾಥಪ್ಪನವರು ಗ್ರಾಮ ಪಂಚಾಯಿತಿಯಿಂದ ಮೇಲೆ ಹತ್ತಿ ನಾಲ್ಕು ಸಲ ವಿಧಾನಸಭೆಗೆ ಹೋದವರು. ಅಲ್ಲಿ ಅವರು ಮಾತಾಡಲು ಎದ್ದರೆ ಮೈಕು ತಾನಾಗಿ ಕೆಡುತ್ತಿತ್ತು. ಕ್ಷೇತ್ರದಲ್ಲಿ ಗುದ್ದಲಿ ಎತ್ತಿದರೆ ಭೂಮಿಯೇ ಬಗ್ಗಿ ಬೆನ್ನು ಕೊಡುತ್ತಿತ್ತು. ಅವರು ಇಟ್ಟ ಕಲ್ಲುಗಳಿಂದ ಆಗುಂಬೆ ಘಾಟಿಗೆ ತುದಿಯಿಂದ ಬುಡದವರೆಗೆ ತಡೆಗೋಡೆ ಕಟ್ಟಿ, ಮಿಕ್ಕಿದ್ದರಲ್ಲಿ ಸಮುದ್ರಕ್ಕೂ ಒಂದು ಅಂಚು ಕಟ್ಟಬಹುದಿತ್ತು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಯೋಗರಾಜ್ ಕೇಳಿದರು.

"ವಿರೋಧ ಪಕ್ಷದವರ ಮೇಲೆ ಸಾರ್."

"ಅವರಿಗೆ ಕಲ್ಲು ಎಂತಕ್ಕೆ?"

"ಭಾನುವಾರ ನಮ್ಮ ಪಕ್ಷದ ವರಿಷ್ಠರು ಬರ್ತಾರೆ. ಟಿಕೆಟ್ ಅವರ ಕೈಲಿದೆ. ಎಂತ ಕೆಲಸ ಮಾಡಿದೀರಿ ಅಂದ್ರೆ ತೋರ್ಸೋಕೆ ಕಲ್ಲು ಬೇಕಲ್ಲ? ಈ ಸಲ ಟಿಕೆಟ್ ತಪ್ಪಿದ್ರೆ ಸಾಹೇಬ್ರ ರಾಜಕೀಯ ಮುಗೀತು."

"ಸಾಹೇಬ್ರು ಎಂತ ಹೇಳಿದ್ರು?"

"ಅವರಿಗೆ ಹೇಳಿಲ್ಲ ಸಾರ್. ಅವರ ತಾಯಿ ತೀರಿಕೊಂಡ ಮೇಲೆ ಮಾತೇ ಕಡಿಮೆ. ಊಟಕ್ಕೆ ಕರೆದ್ರೂ ಸುಮ್ನೆ ಮುಖ ನೋಡ್ತಾರೆ."

ಎಫ್‌ಐಆರ್ ದಾಖಲಾಯಿತು. ಮೂರೂ ತಾಲೂಕಿನ ತನಿಖೆಯನ್ನು ಮೇಲಧಿಕಾರಿಗಳು ಯೋಗರಾಜರಿಗೇ ವಹಿಸಿದರು. ಬೇರೆಯವರಿಗೆ ವಹಿಸುವ ಪ್ರಶ್ನೆಯೇ ಇರಲಿಲ್ಲ: ಸಾಗರದಲ್ಲಿ ಕೂತು ತೀರ್ಥಹಳ್ಳಿಯ ಕಳ್ಳ ಮಧ್ಯಾಹ್ನ ಯಾವ ಮೀನು ತಿಂದ ಎಂದು ಹೇಳಬಲ್ಲ ಮೂಗು ಅವರದು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಹೂವಮ್ಮ ಹೊರಟರು. ಅವರು ಕಣ್ಣು ಬಿಟ್ಟು ನೋಡಿದರೆ ಅಡ್ಡ ಬಂದ ಕಾಡುಕೋಣವೂ ಹೆಸರು, ವಿಳಾಸ ಹೇಳುತ್ತಿತ್ತು.

ಮಂಗಳವಾರ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ ಸಮುದಾಯ ಭವನದ ಕಲ್ಲು ಇದ್ದ ಜಾಗದ ಪಂಚನಾಮೆ ನಡೆಯಿತು. ಗುಂಡಿ ಮುಚ್ಚಿ ಮಣ್ಣು ತುಳಿಯಲಾಗಿತ್ತು. ಮೇಲೆ ಒಡೆದ ತೆಂಗಿನಕಾಯಿಯ ಚಿಪ್ಪು, ಬಾಡಿದ ದಾಸವಾಳ. ಹೊಸನಗರದ ದಾರಿಯ ಒಂದು ಊರಿನ ಬಸ್ ತಂಗುದಾಣದ ಕಲ್ಲಿಗೂ ಇದೇ ಗತಿ. ಆದರೆ ಅದೇ ಊರಿನ ಶಾಲೆಯೆದುರು ಶಾಸಕರ ಇನ್ನೊಂದು ಕಲ್ಲು ಕದಲದೆ ನಿಂತಿತ್ತು.

"ಸಾರ್, ಕಟ್ಟಡ ಎದ್ದಲ್ಲಿ ಕಲ್ಲು ಮುಟ್ಟಿಲ್ಲ," ಎಂದರು ಹೂವಮ್ಮ. "ಬರೀ ಕಲ್ಲು ಇಟ್ಟು ಬಿಟ್ಟಲ್ಲಿ ಮಾತ್ರ ಕಿತ್ತಿದ್ದಾರೆ."

"ಕಳ್ಳನಿಗೆ ನಿಯತ್ತಿದೆ ಹಾಗಾದ್ರೆ," ಎಂದರು ಯೋಗರಾಜ್.

ಬುಧವಾರ ಜೀಪು ಬ್ಯಾಕೋಡು ದಾಟಿ ಕಾನುಕೊಪ್ಪಕ್ಕೆ ಬಂತು. ಟಾರು ರಸ್ತೆ ಅಲ್ಲಿಗೇ ಮುಗಿಯುತ್ತದೆ. ಕಲ್ಲು ಇದ್ದ ಬಯಲಿನೆದುರು ಮೂಕಮ್ಮನ ಚಾ ಅಂಗಡಿ.

"ಕಲ್ಲು ಕಿತ್ತವರನ್ನ ನೋಡಿದ್ರಾ ಮೂಕಮ್ಮಕ್ಕ?" ಹೂವಮ್ಮ ಕೇಳಿದರು.

"ಇಲ್ಲ ಮಾರಾಯ್ತಿ. ನಾನು ಬೆಳಗಿಂದ ಬೈಗಿನವರೆಗೂ ಇಲ್ಲೇ ಕೂತಿರ್ತೀನಿ. ಯಾರೂ ಬರ್ಲಿಲ್ಲ."

"ಯಾರಂದ್ರೆ ಯಾರೂ?"

"ಶಾಸಕರು ಬಂದಿದ್ರು, ಅಷ್ಟೆ."

ಯೋಗರಾಜ್ ಲೋಟ ಕೆಳಗಿಟ್ಟರು. "ಎಂತಕ್ಕೆ ಬಂದಿದ್ರು?"

"ಗುದ್ದಲಿ ಪೂಜೆಗೆ. ಅವರು ಮತ್ತೆಂತಕ್ಕೆ ಬರ್ತಾರೆ? ಈ ಸಲ ಗುದ್ದಲಿ, ಹಾರೆ ಎಲ್ಲ ಅವರೇ ತಂದಿದ್ರು. ಕಾಯಿ ಮರೆತಿದ್ರು ಪಾಪ, ನಾನೇ ಕೊಟ್ಟೆ. ಅಗೆದ್ರು. ನಾವೆಲ್ಲ ಚಪ್ಪಾಳೆ ಹೊಡೆದ್ವಿ."

"ಕಲ್ಲು ಕೀಳುವಾಗಲೂ?"

"ಹಳೇದು ತೆಗೆದು ದೊಡ್ಡದು ಇಡ್ತಾರೆ ಅಂದ್ಕೊಂಡ್ವಿ ಸಾರ್. ಭಾರ ಇತ್ತಲ್ಲ, ನಮ್ಮ ಗಂಡಸ್ರೇ ಜೀಪಿಗೆ ಹತ್ತಿಸಿಕೊಟ್ರು. ಭಾಷಣ ಮಾಡದೆ ಹೋದ್ರು, ಅದೊಂದೇ ಬೇಜಾರು."

ಮೇಳಿಗೆಗೆ, ಹೊಸನಗರಕ್ಕೆ ಫೋನು ಹೋಯಿತು. ಅಲ್ಲಿಯೂ ಯಾರೂ ಬಂದಿರಲಿಲ್ಲ. ಶಾಸಕರು ಮಾತ್ರ ಬಂದಿದ್ದರು. ಅಲ್ಲಿಯೂ ಚಪ್ಪಾಳೆ ಬಿದ್ದಿತ್ತು.

ಸಂಜೆ ನಾಲ್ಕಕ್ಕೆ ಸಾಗರದಲ್ಲಿ ಶಾಸಕರ ಮನೆಯ ಹಿತ್ತಲಿಗೆ ಹೋದಾಗ ಕಲ್ಲುಗಳು ಅಕ್ಷರದ ಮೈ ಕೆಳಗಾಗಿ ಮಲಗಿದ್ದವು. ಅವುಗಳ ನಡುವೆ ಮಂಜುನಾಥಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಂಗೈಯ ತುಂಬ ಬೊಬ್ಬೆ.

"ನೀವೇ ಕಿತ್ರಾ?" ಯೋಗರಾಜ್ ಕೇಳಿದರು.

"ಹೌದು."

"ಯಾವುದು ಮೊದಲು?"

"ಕಾನುಕೊಪ್ಪದ್ದು. ಆಸ್ಪತ್ರೆದು."

ಹಿಂದಿನಿಂದ ಓಡಿಬಂದ ಮಧುಸೂದನ ಏದುಸಿರು ಬಿಡುತ್ತಿದ್ದ. "ಸಾರ್, ದೂರು ವಾಪಸ್ ತಗೋತೀವಿ. ಅವರದೇ ಕಲ್ಲು, ಅವರೇ ತಂದ್ರು. ಇದರಲ್ಲಿ ಕೇಸ್ ಎಂತದು?"

"ಕಲ್ಲು ಸರ್ಕಾರದ್ದು ಮಧು, ಹೆಸರು ಮಾತ್ರ ನಂದು," ಎಂದರು ಮಂಜುನಾಥಪ್ಪ. "ನೀನು ವಾಪಸ್ ತಗೊಂಡ್ರೆ ಭಾನುವಾರದೊಳಗೆ ಎಲ್ಲ ಮತ್ತೆ ನೆಟ್ಟುಬಿಡ್ತೀಯ. ಬರ್ಕೊಳ್ಳಿ ಇನ್‌ಸ್ಪೆಕ್ಟ್ರೆ."

"ಟಿಕೆಟ್ ಹೋಗುತ್ತೆ ಸಾಹೇಬ್ರೆ," ಎಂದರು ಯೋಗರಾಜ್.

"ಹೋಗ್ಲಿ."

ಸಾರ್ವಜನಿಕ ಆಸ್ತಿಗೆ ಹಾನಿ, ಕಳವು. ಜಪ್ತಿ ಪಂಚನಾಮೆಯಾಯಿತು. ಸಂಜೆ ಆರಕ್ಕೆ ದಸ್ತಗಿರಿ. ಶಾಸಕರನ್ನು ಬಂಧಿಸಿದರೆ ವಿಧಾನಸಭೆಯ ಸ್ಪೀಕರ್‌ಗೆ ತಿಳಿಸಬೇಕೆಂಬ ನಿಯಮವಿದೆ, ತಿಳಿಸಲಾಯಿತು. ಅವರನ್ನು ಜೀಪಿನಿಂದ ಇಳಿಸುವಾಗ ಠಾಣೆಯೆದುರು ಒಬ್ಬ ಹಾರ ಹಿಡಿದು ನಿಂತಿದ್ದ. ಠಾಣೆಯ ಹೊಸ ಕಟ್ಟಡಕ್ಕೆ ಗುದ್ದಲಿ ಪೂಜೆ ಇರಬೇಕೆಂದು ಅವನು ತಿಳಿದಿದ್ದ. ಹಾರವನ್ನು ಹೂವಮ್ಮ ಇಸಿದುಕೊಂಡರು.

ಹೇಳಿಕೆಯಲ್ಲಿ ಇರುವುದು ಇಷ್ಟು. ಶಾಸಕರ ತಾಯಿ ಕೆರಿಯಮ್ಮ ಮಗಳ ಮನೆಗೆಂದು ಕಾನುಕೊಪ್ಪಕ್ಕೆ ಹೋದಾಗ ಎದೆನೋವು ಬಂತು. "ನನ್ ಮಗನ ಆಸ್ಪತ್ರೆಗೆ ಕರ್ಕೊಂಡ್ ಹೋಗಿ" ಎಂದಳು. ಶಂಕುಸ್ಥಾಪನೆಯ ದಿನ ಅವಳೂ ಬಂದು ಚಪ್ಪಾಳೆ ಹೊಡೆದಿದ್ದಳು. ಆಂಬುಲೆನ್ಸ್ ಬರುವುದು ರಸ್ತೆ ಮುಗಿಯುವ ಆ ಬಯಲಿನವರೆಗೆ ಮಾತ್ರ; ಮನೆಯವರು ಅವಳನ್ನು ಹೊತ್ತು ತಂದು ಅಲ್ಲಿಯೇ ಇಳಿಸಿ ಕಾದರು. ಕಣ್ಣು ಮಂಜಾಗಿದ್ದ ಅವಳು ಕಲ್ಲಿಗೆ ಒರಗಿ ಕೂತು, ಒಳಗೆ ಯಾವಾಗ ಕರೀತಾರೆ ಎಂದು ಮಗಳನ್ನು ಎರಡು ಸಲ ಕೇಳಿದಳು. ಆಮೇಲೆ ಕೇಳಲಿಲ್ಲ.

ಮುದ್ದೆಮಾಲು ಇಡುವ ಕೋಣೆಯಲ್ಲಿ ಜಾಗ ಸಾಲದೆ ಕಲ್ಲುಗಳನ್ನು ಠಾಣೆಯ ಅಂಗಳದಲ್ಲಿ ಇಡಲಾಗಿದೆ. ದೂರು ಕೊಡಲು ಬಂದವರು ಸರದಿ ಬರುವ ತನಕ ಅವುಗಳ ಮೇಲೆ ಕೂರುತ್ತಾರೆ. ಒಂದರ ಮೇಲೆ ಮಾತ್ರ ಹೂವಮ್ಮ ಯಾರನ್ನೂ ಕೂರಲು ಬಿಡುವುದಿಲ್ಲ. ಯಾಕೆಂದು ಕೇಳಿದರೆ, ಅದು ಸಾಕ್ಷ್ಯ ಎನ್ನುತ್ತಾರೆ.